ರೆಮಿಡಿಯಲ್ ಕ್ಲಾಸಿಗೆ ಯಾಕೆ ಯಾರೂ ಬರುವುದಿಲ್ಲ?

ಪ್ರಶ್ನೆ: ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಗಣಿತ ಪಾಠ ಮಾಡುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರು, ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಆದ ಮೇಲೆ ಕ್ಲಾಸಿಗೆ ಬರುವುದನ್ನೇ ಕಡಿಮೆ ಮಾಡುತ್ತಾರೆ. ಕೆಲವರು ಕಾಲೇಜೇ ಬಿಡುತ್ತಾರೆ. ಹಿಂದೆ ಬಿದ್ದವರಿಗೆಂದೇ ಸಂಜೆ ರೆಮಿಡಿಯಲ್ ಕ್ಲಾಸ್ ಇಟ್ಟರೂ ಬರುವುದಿಲ್ಲ. ಏನು ಮಾಡಲಿ?
– ಉಪನ್ಯಾಸಕಿ, ಹಾಸನ

ಉತ್ತರ: ಅದು ಸೋಮಾರಿತನ ಅಲ್ಲ, ಮೇಡಂ. ಆ ಕ್ಲಾಸಿಗೆ ಹೋದರೆ ದಡ್ಡರ ಪಟ್ಟಿಗೆ ಸೇರಿದ ಹಾಗೆ ಅಂತ ಇಡೀ ಹಾಸ್ಟೆಲ್‌ಗೆ ಗೊತ್ತಾಗುತ್ತದೆ. ಪಿಯುಸಿಯಲ್ಲಿ ಊರಿಗೇ ಮೊದಲು ಬಂದ ಹುಡುಗಿ ಅಲ್ಲಿ ಹೋಗಿ ಹೇಗೆ ಕೂರುತ್ತಾಳೆ?

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲೂ ಇದೇ ಸಮಸ್ಯೆ ಇತ್ತು. ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಫೇಲಾಗುತ್ತಿದ್ದರು. ಆಸಕ್ತಿ ಇಲ್ಲ, ಮನೆಯ ಬೆಂಬಲ ಇಲ್ಲ ಅಂತ ಮೇಷ್ಟ್ರುಗಳು ಅಂದುಕೊಂಡಿದ್ದರು. ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞ ವಿದ್ಯಾರ್ಥಿಗಳ ಜೊತೆಗೇ ಓಡಾಡಿ ನೋಡಿದರು. ಆ ಹುಡುಗರು ಕಷ್ಟಪಟ್ಟೇ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಾಗಿ ಕೂತು, ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೈಸ್‌ಮನ್ ಸುಲಭದ ಲೆಕ್ಕ ಕೊಡಲಿಲ್ಲ. ಕ್ಲಾಸಿಗಿಂತ ಕಷ್ಟದ ಲೆಕ್ಕಗಳನ್ನು ಗುಂಪಿನಲ್ಲಿ ಮಾಡಿಸಿದರು. ಫಲಿತಾಂಶ ಎದ್ದು ಕಾಣುವಷ್ಟು ಬದಲಾಯಿತು.

ನೀವೂ ಹಾಗೇ ಮಾಡಿ. 'ರೆಮಿಡಿಯಲ್' ಬೋರ್ಡ್ ತೆಗೆದು 'ಪ್ರಾಬ್ಲಂ ಸೆಷನ್' ಅನ್ನಿ, ಟೈಮ್‌ಟೇಬಲ್ ಒಳಗೇ ಹಾಕಿ. ಸಂಜೆಗೆ ಇಟ್ಟರೆ ಹಳ್ಳಿ ಬಸ್ಸು ತಪ್ಪುತ್ತದೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಚೆನ್ನಾಗಿ ಓದುವವರೂ ಅದರಲ್ಲಿರಲಿ. ಕನ್ನಡ ಮಾಧ್ಯಮದವರನ್ನು ಗುಂಪಿಗೊಬ್ಬರಂತೆ ಚದುರಿಸಬೇಡಿ, ಒಂಟಿಯಾದವರು ಬಾಯಿ ಬಿಡುವುದಿಲ್ಲ. ಮಾತು ಕನ್ನಡದಲ್ಲಿರಲಿ, ಬರೆಯುವುದು ಇಂಗ್ಲಿಷಿನಲ್ಲಿ.

ಪೋಲಾರ್ ಕರ್ವ್ಸ್ (ಕೋನ, ದೂರ ಹಿಡಿದು ಬರೆಯುವ ವಕ್ರರೇಖೆಗಳು) ಪಾಠವನ್ನೇ ನೋಡಿ. 'ಆರ್ ಸಮ ಎ ಇನ್‌ಟು ಒನ್ ಪ್ಲಸ್ ಕಾಸ್ ತೀಟಾ' ಕೊಟ್ಟರೆ ಹುಡುಗರು ಡಿಫರೆನ್ಷಿಯೇಟ್ ಮಾಡಿಬಿಡುತ್ತಾರೆ. ಮುಂದಿನ ಸಾಲಿಗೇ ಪೆನ್ನು ನಿಲ್ಲುತ್ತದೆ. 'ಒನ್ ಪ್ಲಸ್ ಕಾಸ್ ತೀಟಾ' ಅಂದರೆ 'ಟೂ ಕಾಸ್ ಸ್ಕ್ವೇರ್ ತೀಟಾ ಬೈ ಟೂ' ಅನ್ನುವ ಪಿಯುಸಿ ಸೂತ್ರ ನೆನಪಿಗೆ ಬರುವುದಿಲ್ಲ, ಅಷ್ಟೇ. ಪಕ್ಕದವರು ಹೇಳಿದರೆ ಅರ್ಧ ನಿಮಿಷದ ಕೆಲಸ. ರೂಮಿನಲ್ಲಿ ಒಬ್ಬನೇ ಕೂತವನು 'ಎಂಜಿನಿಯರಿಂಗ್ ನನಗಲ್ಲ' ಅಂತ ತೀರ್ಮಾನಿಸಿಬಿಡುತ್ತಾನೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಇಂಟರ್ನಲ್ಸ್‌ವರೆಗೆ ಕಾಯಬೇಡಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ ಸಿಐಇಗೆ, ಅಂದರೆ ಇಂಟರ್ನಲ್ ಅಂಕಕ್ಕೆ, 50ಕ್ಕೆ 20 ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ. ಆಮೇಲೆ ಓಡಾಡಿ ಏನು ಪ್ರಯೋಜನ? ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೇಳಿರುವ ಮೂರು ವಾರದ ಇಂಡಕ್ಷನ್ (ಹೊಸಬರನ್ನು ಕಾಲೇಜಿಗೆ ಒಗ್ಗಿಸುವ ಕಾರ್ಯಕ್ರಮ) ಇದೆಯಲ್ಲ, ಅದನ್ನು ಬರೀ ಭಾಷಣಕ್ಕೆ ಕಳೆಯದೆ ಈ ಗುಂಪುಗಳನ್ನು ಆಗಲೇ ಕಟ್ಟಿ.

ಇನ್ನೊಂದು ಮಾತು. ಎರಡು ದಿನ ಬರದವರನ್ನು ಕರೆದು ಮೊದಲು ದುಡ್ಡಿನ ವಿಷಯ ಕೇಳಿ, ಮಾರ್ಕ್ಸ್ ಆಮೇಲೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆ ಸ್ಕಾಲರ್‌ಶಿಪ್ ನಿಂತಿರುತ್ತದೆ. ಅದಕ್ಕೆ ಯಾರನ್ನು ಕೇಳಬೇಕು ಅಂತ ಹೇಳುವವರು ಮನೆಯಲ್ಲೂ ಇರುವುದಿಲ್ಲ. ಆಫೀಸಿನವರೆಗೆ ಜೊತೆಗೆ ಹೋಗಿ ಬನ್ನಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ನೇರ ಮೂರನೇ ಸೆಮಿಸ್ಟರ್‌ಗೆ ಸೇರಿದ್ದೇನೆ. ಗಣಿತ ತಲೆಗೆ ಹತ್ತುತ್ತಿಲ್ಲ. ಬಿಟ್ಟು ಕೆಲಸಕ್ಕೆ ಹೋಗಲಾ ಸರ್?
– ವಿದ್ಯಾರ್ಥಿ, ಕೊಪ್ಪಳ

ಉತ್ತರ: ಬೇಡಪ್ಪಾ. ಪಿಯುಸಿಯವರು ಮೊದಲ ವರ್ಷ ಓದಿದ ಗಣಿತವನ್ನು ನೀನು ಓದಿಲ್ಲ, ತೊಂದರೆ ಅಲ್ಲಿದೆ. ಲ್ಯಾಬಿನಲ್ಲಿ ನಿನ್ನ ಕೈ ಅವರಿಗಿಂತ ಪಳಗಿದೆ, ಅಲ್ವಾ? ಅವರಿಗೆ ಲ್ಯಾಬ್ ಹೇಳಿಕೊಡು, ಇಂಟಿಗ್ರೇಷನ್ ಅವರಿಂದ ಹೇಳಿಸಿಕೋ. ಇವತ್ತೇ ಬೆಂಚ್ ಪಕ್ಕದವರನ್ನು ಕೇಳು. ಗಣಿತದ ಮೇಷ್ಟ್ರ ಹತ್ತಿರವೂ ನಾನು ಡಿಪ್ಲೊಮಾದಿಂದ ಬಂದವನು ಅಂತ ಬಾಯಿಬಿಟ್ಟು ಹೇಳು. ಎಷ್ಟೋ ಸಲ ಅವರಿಗೆ ಅದು ಗೊತ್ತೇ ಇರುವುದಿಲ್ಲ.