ಕೂಸಿನ ಮೂತ್ರದಲ್ಲಿ ಬುದ್ಧಿ ಹುಡುಕಬಹುದೇ?

ಬ್ಯಾಡಗಿಯ ಓದುಗರೊಬ್ಬರು ಮೆಣಸಿನಕಾಯಿ ದಲಾಲಿ ಅಂಗಡಿಯ ಚೀಟಿಯ ಹಿಂಬದಿಗೆ ಬರೆದು ಕಳಿಸಿದ್ದಾರೆ: ಮಗಳಿಗೆ ಹುಬ್ಬಳ್ಳಿಯಲ್ಲಿ 31 ವಾರಕ್ಕೇ ಹೆರಿಗೆಯಾಯಿತು. ಒಂದೂವರೆ ಕಿಲೋ ಕೂಡ ಇಲ್ಲದ ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ಇಂಥ ಕೂಸುಗಳ ಮೂತ್ರದಲ್ಲಿ ಮಿದುಳಿನ ರಾಸಾಯನಿಕಗಳ ಅವಶೇಷ ಇರುತ್ತದಂತೆ. ಪರೀಕ್ಷೆ ಮಾಡಿಸಿದರೆ ಮುಂದೆ ಬುದ್ಧಿ ಹೇಗಿರುತ್ತದೆಂದು ತಿಳಿಯುವುದೇ?

ಉತ್ತರ: ಹಿರಿಯರೇ, ಅವಶೇಷ ಇರುವುದು ನಿಜ. ನರಗಳ ನಡುವೆ ಸಂದೇಶ ಒಯ್ಯುವ ಇಂಥ ರಾಸಾಯನಿಕಗಳಲ್ಲಿ ಡೋಪಮಿನ್ ಒಡೆದು ಹೋಮೊವೆನಿಲಿಕ್ ಆಮ್ಲವಾಗುತ್ತದೆ. ನಾರ್‌ಅಡ್ರಿನಲಿನ್ ಒಡೆದು ವೆನಿಲಿಲ್‌ಮ್ಯಾಂಡೆಲಿಕ್ ಆಮ್ಲವಾಗುತ್ತದೆ. ಎರಡೂ ಮೂತ್ರದಲ್ಲಿ ಹೊರಬೀಳುತ್ತವೆ. (ರಚನೆಯಲ್ಲಿ ವೆನಿಲಾದ ಸಂಬಂಧಿಗಳು, ಅದಕ್ಕೇ ಆ ಹೆಸರು. ಘಮ ನಿರೀಕ್ಷಿಸಬೇಡಿ.)

ಆದರೆ ಅವೆಲ್ಲ ಮಿದುಳಿನಿಂದಲೇ ಬಂದವಲ್ಲ. ನಿಮ್ಮೂರಿನ ಮಾರುಕಟ್ಟೆಯಲ್ಲಿ ಸಂಜೆ ಗುಡಿಸಿದ ತೊಟ್ಟಿನ ರಾಶಿ ನೋಡಿ ಇದು ಇಂಥವರ ಹೊಲದ ಮಾಲು ಎಂದು ನೀವು ಹೇಳಬಲ್ಲಿರಾ? ಮೂತ್ರಪಿಂಡವೇ ಡೋಪಮಿನ್ ತಯಾರಿಸುತ್ತದೆ. ನಾರ್‌ಅಡ್ರಿನಲಿನ್ ಮೈತುಂಬ ಹರಡಿದ ನರಗಳಿಂದ ಬರುತ್ತದೆ. ಇಂಥದೇ ಇನ್ನೊಂದು ರಾಸಾಯನಿಕ ಸೆರೊಟೋನಿನ್ನಿನ ಸುಮಾರು ಶೇ. 90 ಇರುವುದು ಕರುಳಿನಲ್ಲಿ. ರಕ್ತದೊತ್ತಡ ಕುಸಿದ ಕೂಸಿಗೆ ವೈದ್ಯರು ಡೋಪಮಿನ್ನನ್ನೇ ಹನಿಹನಿಯಾಗಿ ಏರಿಸಿರುವುದೂ ಉಂಟು. ಆಗ ಅಳೆದದ್ದು ಕೂಸಿನದೋ ಬಾಟಲಿಯದೋ?

ಸಂಗ್ರಹಿಸುವುದೂ ಸುಲಭವಲ್ಲ. ಅಂಟುಚೀಲ ಹಚ್ಚಿದರೆ ಕೀಳುವಾಗ ಹಸಿ ಚರ್ಮ ಸುಲಿಯುವ ಭಯ. ಲಂಗೋಟಿಯೊಳಗೆ ಹತ್ತಿಯ ಉಂಡೆ ಇಟ್ಟು, ಒದ್ದೆಯಾದ ಮೇಲೆ ಸಿರಿಂಜಿಗೆ ತುಂಬಿ ಹಿಂಡಿದರೆ ಕೆಲವೇ ಹನಿ. ಮೂತ್ರ ಎಷ್ಟು ತೆಳುವಾಗಿದೆ ಎಂಬುದನ್ನು ಸ್ನಾಯುವಿನಿಂದ ಬಂದು ಮೂತ್ರದಲ್ಲಿ ಹೋಗುವ ಕ್ರಿಯಾಟಿನೈನ್ ಎಂಬ ತ್ಯಾಜ್ಯದ ಜೊತೆ ತಾಳೆ ನೋಡಿ ಸರಿಪಡಿಸುತ್ತಾರೆ; ಸ್ನಾಯು ಬಲಿಯದ, ಮೂತ್ರಪಿಂಡವೂ ಮಾಗದ ಕೂಸಿನಲ್ಲಿ ಆ ಅಳತೆಗೋಲೇ ನೆಟ್ಟಗಿರುವುದಿಲ್ಲ.

ಸಂಶೋಧಕರು ನೂರಾರು ಕೂಸುಗಳನ್ನು ಗುಂಪಾಗಿ ಹೋಲಿಸಲು ಇಂಥ ಅಳತೆ ಬಳಸಲಿ, ಬೇಡವೆನ್ನುವುದಿಲ್ಲ. ಒಂದು ಕೂಸಿನ ಜಾತಕ ಬರೆಯಲು ಅದು ಸಾಲದು. ಜಪಾನಿನಲ್ಲಿ 1980ರ ದಶಕದಿಂದ ದೇಶದ ಆರು ತಿಂಗಳ ಮಕ್ಕಳಿಗೆಲ್ಲ ಇದೇ ಆಮ್ಲಗಳ ಮೂತ್ರ ಪರೀಕ್ಷೆ ಮಾಡಿದರು, ನರಗಳ ಒಂದು ಬಗೆಯ ಗೆಡ್ಡೆ ಹುಡುಕಲು. ತಾನಾಗಿಯೇ ಕರಗಿಹೋಗುವಂಥ ಗೆಡ್ಡೆಗಳೂ ಸಿಕ್ಕಿ, ಚಿಕಿತ್ಸೆಯೇ ಬೇಕಿಲ್ಲದ ಮಕ್ಕಳಿಗೂ ಚಿಕಿತ್ಸೆಯಾಯಿತು. 2004ರಲ್ಲಿ ನಿಲ್ಲಿಸಿದರು. ಅಲ್ಲಿ ಹುಡುಕಿದ್ದು ಗೆಡ್ಡೆ, ಬುದ್ಧಿಯನ್ನಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಮಾತೊಂದಿದೆ: ಕಣ್ಣು. 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಅಕ್ಷಿಪಟಲವನ್ನು 30 ದಿನದೊಳಗೆ ತಜ್ಞರು ನೋಡಲೇಬೇಕು. ಅಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ದೃಷ್ಟಿಯೇ ಹೋಗಬಹುದು. ಹೊತ್ತಿಗೆ ಸಿಕ್ಕರೆ ಲೇಸರ್‌ನಿಂದ ತಡೆಯಬಹುದು. ನೀವು ಬರೆದ ಹೆರಿಗೆಯ ತಾರೀಖಿನ ಲೆಕ್ಕದಲ್ಲಿ ಪತ್ರ ನಮ್ಮ ಕೈಸೇರಿದ ದಿನ ಮೊಮ್ಮಗನಿಗೆ 22 ದಿನ. ಸಂಚಿಕೆ ಬರುವವರೆಗೆ ಕಾಯಿಸಬಾರದೆಂದು ಅವತ್ತೇ ಫೋನ್ ಮಾಡಿ ಹೇಳಿದೆ. ಕಿವಿಯ ಪರೀಕ್ಷೆಯ ವಿಷಯ ಹೇಳಲು ಮರೆತಿದ್ದೆ, ಅದನ್ನೂ ಕೇಳಿಕೊಳ್ಳಿ.