ಅಮೆರಿಕದಲ್ಲಿ ಕಾಡು ಇದ್ದರೂ ಟರ್ಕಿ ಕೋಳಿಗಳು ಯಾಕೆ ಕಡಿಮೆಯಾಗುತ್ತಿವೆ?

ಸಾಕಷ್ಟು ಮರಿಗಳು ಬದುಕಿ ಉಳಿಯುತ್ತಿಲ್ಲ, ಅದೇ ದೊಡ್ಡ ಕಾರಣ. ಆಗ್ನೇಯ ರಾಜ್ಯಗಳಲ್ಲಿ ಇದು ಜಾಸ್ತಿ.

ಕಾಡು ಟರ್ಕಿ ನೆಲದ ಮೇಲೆಯೇ ಗೂಡು ಮಾಡಿ ಸುಮಾರು 28 ದಿನ ಕಾವು ಕೂರುತ್ತದೆ. ರಕೂನ್ ಎಂಬ ಸಣ್ಣ ಕಾಡುಪ್ರಾಣಿಗೆ, ಹಾವುಗಳಿಗೆ ಮೊಟ್ಟೆ ಸುಲಭವಾಗಿ ಸಿಗುತ್ತದೆ, ಅಲ್ವಾ? ಹೊರಬಂದ ಮರಿಗೂ ಮೊದಲ ವಾರ ಹಾರಲು ಬರುವುದಿಲ್ಲ, ಹಾಗಾಗಿ ಅಡಗಲು ಹುಲ್ಲು, ಪೊದೆ ಬೇಕು, ಹೊಟ್ಟೆಗೆ ಆ ಹುಲ್ಲಿನಲ್ಲೇ ಸಿಗುವ ಹುಳುಹುಪ್ಪಟೆ ಬೇಕು. ಒತ್ತಾಗಿ ಬೆಳೆದ ಪೈನ್ ತೋಪಿನಲ್ಲಿ ಬಿಸಿಲೇ ನೆಲ ಮುಟ್ಟುವುದಿಲ್ಲ. ಹುಲ್ಲು ಎಲ್ಲಿಂದ ಬರಬೇಕು?

ಮಳೆ, ರೋಗ, ಬೇಟೆಯ ಪಾಲೂ ಇದೆ. ಆದರೆ ಸುಮ್ನೆ ರಕೂನ್ ಹಿಡಿಯುತ್ತಾ ಕೂತರೆ ಸಾಲದು, ಜಾಗ ಸರಿಯಾಗಲೇಬೇಕು. ಕೆಲವು ಮರ ಕಡಿದು ತೋಪನ್ನು ವಿರಳ ಮಾಡಿ, ಎರಡು ಮೂರು ವರ್ಷಕ್ಕೊಮ್ಮೆ ಕಾಡಿನ ಒಂದೊಂದು ಭಾಗಕ್ಕೆ ಹತೋಟಿಯಲ್ಲಿ ಬೆಂಕಿ ಹಾಕಿದರೆ ಹೊಸ ಹುಲ್ಲು ಚಿಗುರುತ್ತದೆ, ಹುಳುಗಳೂ ಬರುತ್ತವೆ.