ನಿಮ್ಮ ಐವ್ಸ್ ಲೇಖನ ವಾಪಸು ಕಳಿಸುತ್ತಾ

ನಮಸ್ಕಾರ.

ಅಮೆರಿಕದ ಸಂಗೀತ ರಚನೆಕಾರ ಚಾರ್ಲ್ಸ್ ಐವ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ವಿಷಯ ಚೆನ್ನಾಗಿದೆ, ಆದರೆ ಅದನ್ನು ಒಗೆದು ಇಸ್ತ್ರಿ ಮಾಡಿಬಿಟ್ಟಿದ್ದೀರಿ.

ಮೊದಲ ಮೂರು ಪುಟ ಸನ್ಮಾನಪತ್ರದ ಹಾಗಿದೆ. 1874ರಲ್ಲಿ ಡ್ಯಾನ್‌ಬರಿಯಲ್ಲಿ ಜನನ, ಯೇಲ್ ವಿಶ್ವವಿದ್ಯಾಲಯದಲ್ಲಿ ಓದು, 1908ರಲ್ಲಿ ಹಾರ್ಮನಿ ಜೊತೆ ಮದುವೆ, 1954ರಲ್ಲಿ ನಿಧನ. 'ಮಹಾನ್' ಹನ್ನೊಂದು ಸಲ ಬಂದಿದೆ, ಎಣಿಸಿದೆ. 'ವಿಮಾ ಉದ್ಯಮಿಯೂ ಆಗಿದ್ದರು' ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಲ್ಲ, ನಿಲ್ಲಬೇಕಾದ್ದು ಅಲ್ಲಿ. ಹಗಲು ನ್ಯೂಯಾರ್ಕಿನಲ್ಲಿ ಜೀವವಿಮೆ ವ್ಯವಹಾರ, ಸಂಜೆ ಮತ್ತು ರಜಾದಿನ ಸಂಗೀತ. ಹೊಟ್ಟೆಪಾಡು ಬೇರೆ ಕಡೆ ನಡೆಯುತ್ತಿದ್ದದ್ದರಿಂದ ಯಾರ ಮರ್ಜಿಯೂ ಬೇಕಿರಲಿಲ್ಲ. ನುಡಿಸುವವರೂ ಸಿಗಲಿಲ್ಲ ಅನ್ನಿ. ಮೂರನೇ ಸಿಂಫನಿ ಜನರ ಕಿವಿಗೆ ಬಿದ್ದದ್ದು 1946ರಲ್ಲಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ. ನಾಲ್ಕನೆಯದು ಪೂರ್ತಿಯಾಗಿ ಕೇಳಿಸಿದ್ದು 1965ರಲ್ಲಿ, ಅವರು ತೀರಿಕೊಂಡು ಸುಮಾರು ಹನ್ನೊಂದು ವರ್ಷ ಆದಮೇಲೆ.

ಅಪ್ಪ ಜಾರ್ಜ್ ಬಗ್ಗೆ ಬರೆದ ಪ್ಯಾರಾ ಮಾತ್ರ ಮುಟ್ಟಬೇಡಿ. ಅಂತರ್ಯುದ್ಧ ಕಾಲದ ಬ್ಯಾಂಡ್ ಮಾಸ್ತರು, ಮಕ್ಕಳಿಗೆ ಒಂದು ಶ್ರುತಿಯಲ್ಲಿ ಹಾಡಲು ಹೇಳಿ ತಾವು ಇನ್ನೊಂದರಲ್ಲಿ ಪಕ್ಕವಾದ್ಯ ನುಡಿಸುವುದು... ಓದುತ್ತಾ ನಗು ಬಂತು. ಆದರೆ ಅದರ ಕೆಳಗೇ ಡಿಸೊನೆನ್ಸ್‌ಗೆ, ಅಂದರೆ ಒಟ್ಟಿಗೆ ನುಡಿದಾಗ ಕಿವಿಗೆ ಒರಟಾಗಿ ಕೇಳುವ ಸ್ವರಗಳ ಜೋಡಣೆಗೆ, 'ಅಪಸ್ವರ' ಅಂತ ಹಾಕಿದ್ದೀರಿ. ನಮ್ಮ ಕಿವಿಗೆ ಅಪಸ್ವರ ಅಂದರೆ ಹಾಡುವವರು ಮಾಡಿದ ತಪ್ಪು. ಐವ್ಸ್ ಅದನ್ನು ಬೇಕೆಂದೇ ಬರೆದವರು. ಬೇರೆ ಪದ ಹುಡುಕಿ.

'ಹಸ್ತಪ್ರತಿಗಳು ಯೇಲ್‌ನಲ್ಲಿ ಸುರಕ್ಷಿತವಾಗಿವೆ' ಅಂತ ಕೊನೆಗೆ ಕೈತೊಳೆದುಕೊಂಡಿದ್ದೀರಿ. ನಾನಾಗಿದ್ದರೆ ಅಲ್ಲಿಂದಲೇ ಶುರುಮಾಡುತ್ತಿದ್ದೆ. 1955ರಲ್ಲಿ ಹೆಂಡತಿ ಹಾರ್ಮನಿ ಕೊಟ್ಟ ಆ ರಾಶಿಯನ್ನು ಪಿಯಾನೊ ವಾದಕ ಜಾನ್ ಕರ್ಕ್‌ಪ್ಯಾಟ್ರಿಕ್ ಹಾಳೆ ಹಾಳೆಯಾಗಿ ವಿಂಗಡಿಸಿ, 1960ರಲ್ಲಿ ಪಟ್ಟಿ ತಂದರು. ಹಾಳೆಗಳ ಅಂಚಿನಲ್ಲಿ ಐವ್ಸ್ ಗೊಣಗುತ್ತಲೇ ಇರುತ್ತಾರೆ. 'ದಿ ಫೋರ್ತ್ ಆಫ್ ಜುಲೈ' ಪ್ರತಿಯಲ್ಲಿ ನಕಲು ಮಾಡುವ ಪ್ರೈಸ್ ಎಂಬಾತನಿಗೆ ತಾಕೀತು: ಚೆಂದ ಮಾಡಲು ಹೋಗಬೇಡಿ, ತಪ್ಪು ಅನ್ನಿಸುವ ಸ್ವರಗಳೆಲ್ಲ ಸರಿಯೇ. ನೀವು ಆ ಪ್ರೈಸ್ ಕೆಲಸವನ್ನೇ ಮಾಡಿದ್ದೀರಿ.

ಯಾಕೆ ಹೇಳುತ್ತೇನೆಂದರೆ, 'ಯುರೋಪಿನವರಿಗಿಂತ ಮೊದಲೇ ಎಲ್ಲವನ್ನೂ ಸಾಧಿಸಿದರು' ಎಂಬ ನಿಮ್ಮ ಸಾಲು. ಐವ್ಸ್ ಹಳೆಯ ಹಾಳೆಗೆ ಹೊಸದಾಗಿ ಒರಟು ಸ್ವರ ಸೇರಿಸುತ್ತಿದ್ದುದನ್ನು ಕಂಡಿದ್ದೆ ಅಂತ ಅವರ ಕಿರಿಯ ಸ್ನೇಹಿತ, ರಚನೆಕಾರ ಎಲಿಯಟ್ ಕಾರ್ಟರ್ ಹೇಳಿದ್ದರು. 1987ರಲ್ಲಿ ಸಂಗೀತ ವಿದ್ವಾಂಸ ಮೇನಾರ್ಡ್ ಸಾಲೊಮನ್ ಒಂದು ಹೆಜ್ಜೆ ಮುಂದೆ ಹೋಗಿ, ಐವ್ಸ್ ತಮ್ಮ ಕೃತಿಗಳಿಗೆ ಬೇಕೆಂದೇ ಹಳೆಯ ತಾರೀಖು ಹಾಕಿರಬಹುದೇ ಅಂತ ಕೇಳಿದರು. ಆಮೇಲೆ ಗೇಲ್ ಶೆರ್‌ವುಡ್ ಎಂಬ ವಿದ್ವಾಂಸೆ ಕಾಗದದ ಜಾತಿ, ಕೈಬರಹ ಹೋಲಿಸಿ ನೋಡಿದರು. ಕೆಲವು ಕೃತಿಗಳ ಕಾಲ ಈಚೆಗೆ ಸರಿಯಿತು, ಎಷ್ಟೋ ತಾರೀಖುಗಳು ನಿಂತವು. ಕಡತಗಳು ಇಲ್ಲದಿದ್ದರೆ ಈ ಜಗಳ ಬಾಯಿಮಾತಿನಲ್ಲೇ ಮುಗಿಯುತ್ತಿತ್ತು. ಇದರಲ್ಲಿ ಒಂದಕ್ಷರವೂ ನಿಮ್ಮ ಲೇಖನದಲ್ಲಿಲ್ಲ. ಐವ್ಸ್ ಮರ್ಯಾದೆ ಹೋಗುತ್ತದೆ ಅಂತ ಬಿಟ್ಟಿರಾ?

ಸಾವಿರದೈನೂರು ಪದಕ್ಕೆ ಇಳಿಸಿ ಕಳಿಸಿ, ಮುಂದಿನ ತಿಂಗಳ ಇಪ್ಪತ್ತರೊಳಗೆ ಬಂದರೆ ಜಾಗ ಇದೆ. ಹಸ್ತಪ್ರತಿಯ ಚಿತ್ರ ಲಗತ್ತಿಸುವುದಾದರೆ ಹಕ್ಕು ಯಾರದ್ದು, ಅನುಮತಿ ಸಿಕ್ಕಿದೆಯೇ ಅಂತ ಜೊತೆಗೇ ಬರೆಯಿರಿ.